ಒಳಗೆ ಬಂದವರ ಎಣಿಕೆ

ಆ ಕಾಲುದಾರಿಯ ಉದ್ದ ಎರಡೂವರೆ ಕಿಲೋಮೀಟರ್. ಸ್ಕಾಟ್ಲೆಂಡಿನ ಓಬನ್ ಬಂದರಿನಿಂದ ಹಡಗಿನಲ್ಲಿ ಮುಕ್ಕಾಲು ಗಂಟೆ ಹೋದರೆ ಒಂದು ದ್ವೀಪ ಸಿಗುತ್ತದೆ. ಅಲ್ಲಿ ಮರದ ಗೇಟೊಂದರಿಂದ ಶುರುವಾಗುವ ದಾರಿ ಬರ್ಚ್ ಮರಗಳ ನಡುವೆ ಏರಿ, ಒಂದು ಹಳ್ಳ ದಾಟಿ, ಸಮುದ್ರ ಕಾಣುವ ದಿಣ್ಣೆಯನ್ನು ಬಳಸಿ, ಇನ್ನೊಂದು ಗೇಟಿನಿಂದ ಹೊರಬೀಳುತ್ತದೆ. ಎರಡೂ ಗೇಟುಗಳು ಒಂದೇ ಚಹಾದಂಗಡಿಯ ಎರಡು ಬದಿಗಿವೆ. ನಿಧಾನವಾಗಿ ನಡೆದರೂ ಒಂದು ಗಂಟೆ ಸಾಕು. ಲಂಡನ್ನಿನ ಹ್ಯಾರೋದಲ್ಲಿರುವ ಸಂಗಮೇಶ ಈ ದಾರಿಯನ್ನು ಮೂರು ಸಲ ನಡೆದಿದ್ದಾನೆ. ಮೊದಲ ಎರಡು ಸಲ ತಂದೆ ಜೊತೆಗಿದ್ದರು.

ಮೊದಲ ಸಲ 2024ರ ಆಗಸ್ಟ್ 13, ಮಂಗಳವಾರ. ತಂದೆ ಕಲ್ಲಯ್ಯನವರು ವಿಜಯಪುರದಿಂದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಎಪ್ಪತ್ತೊಂದು ವರ್ಷ. ನಿವೃತ್ತ ಹೆಡ್‌ಮಾಸ್ತರರು, 1981ರಿಂದ 2011ರ ತನಕ ನಾಲ್ಕು ಜನಗಣತಿಗಳಲ್ಲಿ ಮನೆಮನೆ ತಿರುಗಿದವರು. ಒಳಹೋಗುವ ಗೇಟು ಒಬ್ಬರೇ ದಾಟುವಷ್ಟು ಕಿರಿದು. ತಳ್ಳಿದಾಗಲೆಲ್ಲ ಅದರ ಕಂಬದ ಮೇಲಿನ ಪುಟ್ಟ ಡಬ್ಬಿಯಲ್ಲಿ ಅಂಕಿ ಒಂದು ಹೆಚ್ಚುತ್ತದೆ. ಕಲ್ಲಯ್ಯನವರು ದಾಟಿ, ಹಿಂದಿರುಗಿ, ಬಗ್ಗಿ ಅದನ್ನು ಓದಿದರು. ನಲವತ್ತೊಂದು.

"ನಾಕ ಸಲ ಮಂದೀನ ಎಣಿಸಿದೆ. ಇವತ್ತ ನನ್ನನ್ನ ಯಾರರೆ ಎಣಿಸಿದರು ನೋಡು," ಎಂದರು.

ಹೊರಹೋಗುವ ಗೇಟಿಗೂ ಇಂಥದ್ದು ಇದೆಯೇ ಎಂದು ಕೇಳಿದರು. ಸೊಸೆ ನೇತ್ರಾ ಫಲಕ ಓದಿ, ಇಲ್ಲ, ಒಳಗೆ ಬಂದವರನ್ನು ಮಾತ್ರ ಎಣಿಸುತ್ತಾರೆ ಎಂದಳು.

"ಹಂಗಾರ ಇವರ ಲೆಕ್ಕದಾಗ ನಾ ಹೊರಗ ಬಂದ ಇಲ್ಲ," ಎಂದು ನಕ್ಕು ಮುಂದೆ ನಡೆದರು.

ಕಲ್ಲಯ್ಯನವರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎಂಟನೆಯ ವಯಸ್ಸಿನಲ್ಲಿ ಗುರು ಕೊಟ್ಟದ್ದು. ದಿನಾ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ತುತ್ತು ತಿಂದವರಲ್ಲ. ಸತ್ತಾಗಲೂ ಅದೇ ಅಂಗೈಯಲ್ಲಿ ಅದೇ ಲಿಂಗವಿಟ್ಟು ಮಣ್ಣು ಮಾಡುವುದು ಮನೆಯ ಪದ್ಧತಿ. ಸಂಗಮೇಶನಿಗೂ ಒಂದು ಇತ್ತು. ಲಂಡನ್ನಿಗೆ ಬಂದ ಮೊದಲ ವರ್ಷವೇ ತೆಗೆದು ಕಪಾಟಿನಲ್ಲಿಟ್ಟಿದ್ದ.

ಅಂದು ಬೆಳಗಿನ ಹಡಗು ಹಿಡಿಯುವ ಗಡಿಬಿಡಿಯಲ್ಲಿ ಪೂಜೆ ಆಗಿರಲಿಲ್ಲ. ಹಳ್ಳದ ದಂಡೆಯಲ್ಲಿ ಚಪ್ಪಟೆ ಬಂಡೆ ಕಂಡಾಗ ಕಲ್ಲಯ್ಯನವರು ಅಲ್ಲೇ ಕುಳಿತರು. ಮುಗಿಯುವ ಹೊತ್ತಿಗೆ ಮಳೆ ಹನಿಯತೊಡಗಿತು. ನೇತ್ರಾ ಛತ್ರಿ ಬಿಚ್ಚಿ ಮುಂದೆ ಹೋಗಿದ್ದಳು. ಕಲ್ಲಯ್ಯನವರು ಲಿಂಗವನ್ನು ಬಿಳಿ ವಸ್ತ್ರದ ಮೇಲಿಟ್ಟು, ಅದರ ಮೇಲೆ ವಸ್ತ್ರದ ಒಂದು ತುದಿ ಮಡಚಿ, ಕೈಗೆ ಹತ್ತಿದ ವಿಭೂತಿ ತೊಳೆಯಲು ನೀರಿಗಿಳಿದರು. ಮಗ ಸಣ್ಣವನಿದ್ದಾಗ ಆ ಮಡಚಿದ ವಸ್ತ್ರವನ್ನು ಎರಡು ಕೈಯಲ್ಲಿ ಎತ್ತಿ ತಂದೆಗೆ ಕೊಡುವುದು ಅವನ ದಿನದ ಕೆಲಸವಾಗಿತ್ತು. ಅವನಿಗೆ ಅದು ನೆನಪಿದೆ ಎಂದೇ ಅವರು ತಿಳಿದಿದ್ದರು.

ಸಂಗಮೇಶನಿಗೆ ಹಡಗಿನ ವೇಳೆಯಷ್ಟೇ ನೆನಪಿತ್ತು. ವಸ್ತ್ರದ ಮೇಲೆ ಬರ್ಚ್ ಎಲೆಗಳು ಬಿದ್ದಿದ್ದವು. ಅದನ್ನು ಒಂದು ತುದಿ ಹಿಡಿದು ಎತ್ತಿ, ಝಾಡಿಸಿ, ಮಡಚಿ ಚೀಲಕ್ಕೆ ಹಾಕಿದ. ಝಾಡಿಸಿದಾಗ ನೀರಿನಲ್ಲಿ ಟುಪ್ಪೆಂದು ಏನೋ ಬಿದ್ದ ಸದ್ದಾಯಿತು. ಕಲ್ಲು ಎಂದುಕೊಂಡ.

"ಲಗೂ ಏಳ್ರಿ ಅಪ್ಪಾ, ಹಡಗ ತಪ್ಪತೈತಿ," ಎಂದ.

ಹಡಗಿನಲ್ಲಿ ಕಲ್ಲಯ್ಯನವರು ಚೀಲದಿಂದ ವಸ್ತ್ರ ತೆಗೆದು ಬಿಡಿಸಿದರು. ಇನ್ನೊಮ್ಮೆ ಮಡಚಿ, ಇನ್ನೊಮ್ಮೆ ಬಿಡಿಸಿದರು. ಇದರಲ್ಲಿ ಇಟ್ಟಿದ್ದೆ, ನೀನು ತೆಗೆದುಕೊಳ್ಳಲಿಲ್ಲವೇ ಎಂದು ಕೇಳಿದರು. ವಸ್ತ್ರದಲ್ಲಿ ಏನೂ ಇರಲಿಲ್ಲ ಎಂದು ಸಂಗಮೇಶ ಹೇಳಿದ. ಹಾಗೆ ಹೇಳುವಾಗ ಆ ಸದ್ದು ಯಾವುದರದೆಂದು ಅವನಿಗೆ ತಿಳಿದಿತ್ತು.

ಮರುದಿನ ಮೊದಲ ಹಡಗಿಗೆ ವಾಪಸು ಹೋಗಿ ಎರಡು ಗಂಟೆ ಹುಡುಕಿದರು. ರಾತ್ರಿಯ ಮಳೆಗೆ ಹಳ್ಳ ಉಕ್ಕಿತ್ತು. ಸಂಗಮೇಶ ನೀರಿನ ಕಡೆ ಹೋಗದೆ ಪೊದೆಗಳಲ್ಲಿ ಹುಡುಕಿದ.

ಹ್ಯಾರೋಗೆ ಮರಳಿದ ಮೇಲೂ ಕಲ್ಲಯ್ಯನವರು ಊಟ ಮುಟ್ಟಲಿಲ್ಲ. ಸಿಟ್ಟಿರಲಿಲ್ಲ, ಕೇಳಿದರೆ ಹಸಿವಿಲ್ಲ ಎಂದೂ ಹೇಳಲಿಲ್ಲ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ನೇತ್ರಾ ಕೈಮುಗಿದು ಕೇಳಿಕೊಂಡಾಗ ಅರ್ಧ ಲೋಟ ನೀರು ಕುಡಿಯುತ್ತಿದ್ದರು. ಶುಕ್ರವಾರ ಎದ್ದು ನಿಲ್ಲುವಾಗ ಗೋಡೆ ಹಿಡಿದರು. ಇವತ್ತು ಸಂಜೆಯೊಳಗೆ ಏನಾದರೂ ಮಾಡು, ಇಲ್ಲದಿದ್ದರೆ ಆಂಬುಲೆನ್ಸ್ ಕರೆಯುತ್ತೇನೆ ಎಂದು ನೇತ್ರಾ ಗಂಡನಿಗೆ ಹೇಳಿದಳು.

ಸಂಗಮೇಶ ಕಿಂಗ್ಸ್‌ಬರಿಗೆ ಹೋದ. ಅಲ್ಲಿ ಕಲಬುರಗಿಯ ಜಗದೇವಪ್ಪನವರಿದ್ದಾರೆ. ಮೂವತ್ತು ವರ್ಷದಿಂದ ಲಂಡನ್ನಿನಲ್ಲಿರುವವರು, ಕಲ್ಲಯ್ಯನವರಿಗೂ ಪರಿಚಯವಾಗಿದ್ದವರು. ಮೊಮ್ಮಗನ ದೀಕ್ಷೆಗೆಂದು ಊರಿನ ಮಠದಿಂದ ಅವರು ತಂದಿಟ್ಟಿದ್ದ ಲಿಂಗವನ್ನು ಕೇಳಿ ತಂದ. ಸಂಗಮೇಶ ಗ್ರೀನ್‌ಫರ್ಡಿನ ಗೋದಾಮುಗಳಲ್ಲಿ ತಕ್ಕಡಿಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಕೆಲಸದವನು. ಅಭ್ಯಾಸಬಲದಿಂದ ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದ. ಐವತ್ತೆಂಟು ಗ್ರಾಂ. ಅದೇ ಕಪ್ಪು, ಅದೇ ಆಕಾರ. ಚಹಾದಂಗಡಿಯಾಕೆಗೆ ಸಿಕ್ಕಿತಂತೆ, ಅಂಚೆಯಲ್ಲಿ ಕಳಿಸಿದ್ದಾಳೆ ಎಂದು ತಂದೆಯ ಕೈಗೆ ಕೊಟ್ಟ.

ಕಲ್ಲಯ್ಯನವರು ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು ತುಸು ಮೇಲೆ ಕೆಳಗೆ ಆಡಿಸಿದರು. ಮಗನ ಮುಖ ನೋಡಿದರು. ಬಂದ ಲಕೋಟೆ ಎಲ್ಲಿ ಎಂದು ಕೇಳಲಿಲ್ಲ. ಸ್ನಾನ ಮಾಡಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಕುಳಿತು, ಹೊರಗೆ ಬಂದು ಎರಡು ರೊಟ್ಟಿ ತಿಂದರು. ಅಂದಿನಿಂದ ದಿನಾ ಬಾಗಿಲು ಮುಚ್ಚಿಕೊಂಡೇ ಪೂಜೆ. ಅದಕ್ಕೂ ಮೊದಲು ಅವರು ಹಾಗೆ ಮುಚ್ಚುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಊರಿಗೆ ಹೋದರು. 2025ರ ಮಾರ್ಚ್ 2ರಂದು, ಭಾನುವಾರ, ನಿದ್ದೆಯಲ್ಲೇ ತೀರಿಕೊಂಡರು. ಸಂಗಮೇಶ ವಿಜಯಪುರ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮೂರನೆಯ ದಿನ ತಾಯಿ ಚಂದ್ರವ್ವ ಅವನನ್ನು ಒಳಗೆ ಕರೆದು ಬೆಳ್ಳಿಯ ಕರಡಿಗೆಯನ್ನು ತೆರೆದು ತೋರಿಸಿದಳು. ಖಾಲಿ.

"ಅವರನ್ನ ಕೂಡಿಸಿದ ಮ್ಯಾಲೆ ಮಠದ ಅಯ್ಯನೋರು ಇದನ್ನ ತಗದ ನೋಡಿದ್ರು, ಏನೂ ಇರಲಿಲ್ಲ. ಹೊಸಾದ ಕೈಯಾಗ ಇಟ್ಟು ಮಣ್ಣ ಕೊಟ್ರು. ಅರವತ್ತ ವರ್ಷ ಪೂಜಿ ಮಾಡಿದ್ದ ಎಲ್ಲಿ ಹೋತೋ?"

ತನಗೆ ಗೊತ್ತಿಲ್ಲ ಎಂದು ಸಂಗಮೇಶ ಹೇಳಿದ. ಆಕೆ ಮತ್ತೆ ಕೇಳಲಿಲ್ಲ. ಆದರೆ ಪ್ರತಿ ಭಾನುವಾರ ಫೋನಿನಲ್ಲಿ ಎಲ್ಲ ಮಾತು ಮುಗಿದ ಮೇಲೂ ಇಡದೆ, ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿರುತ್ತಿದ್ದಳು.

ಕೈಯ ವಿಷಯ ಶುರುವಾದದ್ದು ಲಂಡನ್ನಿಗೆ ಮರಳಿದ ವಾರ. ಬೆಳಿಗ್ಗೆ ಆರೂ ಐವತ್ತರ ಸುಮಾರಿಗೆ, ಕಾರು ಸಡ್ಬರಿ ಹಿಲ್ ಸಿಗ್ನಲ್ಲಿನಲ್ಲಿ ನಿಂತಾಗ, ಸಂಗಮೇಶನ ಎಡಗೈ ಗೇರನ್ನು ಬಿಟ್ಟು ತೊಡೆಯ ಮೇಲೆ ಅಂಗಾತವಾಗಿ ಬಿಚ್ಚಿಕೊಳ್ಳುತ್ತಿತ್ತು. ಹ್ಯಾರೋದಲ್ಲಿದ್ದಾಗ ಕಲ್ಲಯ್ಯನವರು ಪೂಜೆಗೆ ಕೂರುತ್ತಿದ್ದದ್ದು ಅದೇ ಹೊತ್ತಿಗೆ. ಅಂಗೈಯಲ್ಲಿ ಏನೂ ಇರುತ್ತಿರಲಿಲ್ಲ, ಆದರೆ ಭಾರವಿರುತ್ತಿತ್ತು. ಹನ್ನೊಂದು, ಕೆಲವು ದಿನ ಹನ್ನೆರಡು ನಿಮಿಷ. ಅಷ್ಟು ಹೊತ್ತು ರಸ್ತೆ ಬದಿಗೆ ನಿಲ್ಲಿಸಿಕೊಂಡು ಕೂರಬೇಕಾಗುತ್ತಿತ್ತು. ಡಾಕ್ಟರು ನರಗಳ ಪರೀಕ್ಷೆ ಮಾಡಿಸಿದರು; ದೋಷವಿಲ್ಲ ಎಂದು ವರದಿ ಬಂತು. ಒಂದು ದಿನ ಬೇಗ ಕೆಲಸಕ್ಕೆ ಹೋಗಿ, ಆ ಹೊತ್ತಿಗೆ ಕೈಯನ್ನು ತಕ್ಕಡಿಯ ಮೇಲಿಟ್ಟು ನೋಡಿದ. ಇಟ್ಟ ಕೈಯ ತೂಕ ಪ್ರತಿ ಸಲ ಬೇರೆ ಬರುವುದರಿಂದ ಅದು ಏನನ್ನೂ ಸಾಬೀತು ಮಾಡಲಿಲ್ಲ.

ಮೇ ತಿಂಗಳಲ್ಲಿ ಜಗದೇವಪ್ಪನವರ ಮನೆಗೆ ಹೋಗಿ, ನೀವು ಕೊಟ್ಟ ಲಿಂಗ ಕಳೆದುಹೋಗಿದೆ ಎಂದು ಹೇಳಿದ. ಅವರು ಎದ್ದು ದೇವರ ಕೋಣೆಯಿಂದ ಒಂದು ಡಬ್ಬಿ ತಂದು ಮುಂದಿಟ್ಟರು. ಅದರಲ್ಲಿತ್ತು.

"ನೀ ಒಯ್ದ ಮೂರನೇ ದಿನಾನೇ ನಿಮ್ಮ ಅಪ್ಪಾರು ಬಸ್ಸಿನ್ಯಾಗ ಬಂದು ತಿರುಗಿ ಕೊಟ್ಟು ಹೋದ್ರಪಾ. ನಿನಗ ಹೇಳಬ್ಯಾಡ ಅಂದಿದ್ರು."

ಮಗುವಿಗೆಂದು ತಂದದ್ದನ್ನು ತಾನು ಇಟ್ಟುಕೊಳ್ಳಲಾಗದು ಎಂದಿದ್ದರಂತೆ. ಊರಿಗೆ ಹೋಗಿ ಮಠದಲ್ಲಿ ಹೊಸದು ಪಡೆಯಿರಿ ಎಂದು ಜಗದೇವಪ್ಪನವರು ಹೇಳಿದಾಗ, ನೀರಿನಲ್ಲಿರುವುದಕ್ಕೆ ಏನು ಉತ್ತರ ಕೊಡಲಿ ಎಂದು ಕೇಳಿದ್ದರಂತೆ. ಬರಿ ಅಂಗೈ ಇಟ್ಟುಕೊಂಡು ಕೂರುತ್ತೇನೆ ಎಂದಿದ್ದರಂತೆ.

"ಮತ್ತ ಊಟ ಹೆಂಗ ಮಾಡ್ತೀರಿ ಅಂತ ಕೇಳ್ದೆ," ಎಂದರು ಜಗದೇವಪ್ಪ. "ಮಗನ ಮಾರಿ ನೋಡಿ ಉಂಡೀನಿ, ಇನ್ನ ಮ್ಯಾಲೂ ಹಂಗೇ ಉಣ್ತೀನಿ ಅಂದ್ರು."

ಮೇ 24ರ ಶನಿವಾರ ಸಂಗಮೇಶ ಮತ್ತು ನೇತ್ರಾ ಓಬನ್ನಿನಿಂದ ಮೊದಲ ಹಡಗು ಹಿಡಿದರು. ಕಾಲುದಾರಿಗೆ ಬಂದವರು ಅವರಿಬ್ಬರೇ. ಚಹಾದಂಗಡಿಯಾಕೆ ಆಗತಾನೇ ಎಣಿಕೆಯನ್ನು ಸೊನ್ನೆಗೆ ತಿರುಗಿಸಿದ್ದಳು. ಕೇಳಿದಾಗ, ಅಂಥ ಕಪ್ಪಗಿನ ವಸ್ತು ತನಗೆ ಯಾರೂ ತಂದು ಕೊಟ್ಟಿಲ್ಲ ಎಂದಳು. ಸಂಗಮೇಶ ಗೇಟು ತಳ್ಳಿದ: ಒಂದು. ನೇತ್ರಾ ತಳ್ಳಿದಳು: ಎರಡು.

ಮಳೆಯಾಗಿ ಬಹಳ ದಿನವಾಗಿತ್ತು. ಹಳ್ಳದಲ್ಲಿ ಮೊಣಕಾಲಿಗೂ ಬಾರದಷ್ಟು ನೀರು, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಅವುಗಳಲ್ಲಿ ಅರ್ಧಕ್ಕರ್ಧ ಕಪ್ಪು, ನುಣುಪು, ಅದೇ ಅಳತೆ. ಸಂಗಮೇಶ ಪ್ಯಾಂಟು ಮಡಚಿ ಇಳಿದು ಒಂದೊಂದನ್ನೇ ಎತ್ತಿ ಎಡ ಅಂಗೈಯಲ್ಲಿಟ್ಟು ನೋಡಿದ. ನಲವತ್ತು ನಿಮಿಷ. ಹೋದ ಸಲ ಪೊದೆಯಲ್ಲಿ ಹುಡುಕಿದವನು ಈಗ ಯಾಕೆ ನೀರಿನಲ್ಲೇ ಹುಡುಕುತ್ತಿದ್ದಾನೆ ಎಂದು ನೇತ್ರಾ ದಂಡೆಯಿಂದ ಕೇಳಿದಳು. ಅವನು ಮೇಲೆ ಬಂದು ಬೂಟು ಹಾಕಿಕೊಂಡ.

ಫೋನಿಗೆ ಸಿಗ್ನಲ್ ಸಿಗುವುದು ದಿಣ್ಣೆಯ ಮೇಲೆ. ಅಲ್ಲಿಂದ ತಾಯಿಗೆ ಕರೆ ಮಾಡಿದ. ನೇತ್ರಾಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ವಿಜಯಪುರದಲ್ಲಿ ಮಧ್ಯಾಹ್ನ ಮೂರಾಗುತ್ತಾ ಬಂದಿತ್ತು.

"ಅವ್ವಾ, ಲಿಂಗಾ ಅಪ್ಪಾ ಕಳಕೊಂಡಿಲ್ಲ. ನಾ ವಸ್ತ್ರ ಝಾಡಿಸಿದೆ. ನೀರಾಗ ಬಿತ್ತು. ಬಿದ್ದ ಸಪ್ಪಳಾ ಕೇಳಿತ್ತು ನನಗ. ಕೇಳಿದ್ರೂ ಹೇಳಲಿಲ್ಲ."

ಉಳಿದದ್ದನ್ನೂ ಹೇಳಿದ. ಜಗದೇವಪ್ಪನವರ ಲಿಂಗ, ಅಂಚೆಯ ಸುಳ್ಳು, ಬರಿ ಅಂಗೈ. ನೇತ್ರಾ ಅವನ ಕಡೆ ನೋಡದೆ ಸಮುದ್ರದ ಕಡೆ ನೋಡುತ್ತ ನಿಂತಿದ್ದಳು. ಚಂದ್ರವ್ವ ನಡುವೆ ಒಂದೇ ಪ್ರಶ್ನೆ ಕೇಳಿದಳು: ಬಿದ್ದ ಜಾಗ ಅವರಿಗೆ ಗೊತ್ತಿತ್ತೇ? ನೀರಿನಲ್ಲಿದೆ ಎಂದು ಗೊತ್ತಿತ್ತು ಎಂದ ಸಂಗಮೇಶ. ಫೋನು ಕಡಿಯಿತೇ ಎಂದು ಅವನು ತೆರೆ ನೋಡಿದ. ಕಡಿದಿರಲಿಲ್ಲ.

"ಅಲ್ಲೇ ಅದೀ ಏನು ಈಗ?" ಎಂದಳು ಕೊನೆಗೆ.

"ಹೂಂ, ಅವ್ವಾ. ಸಿಗಲಿಲ್ಲ."

"ನೀ ಹುಡುಕಬ್ಯಾಡ, ಬಾ. ಅವರೇ ಹುಡುಕ್ಕೊಂತಾರ."

ಈ ಸಲ ಫೋನನ್ನು ಮೊದಲು ಇಟ್ಟವಳು ಆಕೆಯೇ.

ಇಳಿಯುವಾಗ ಅಷ್ಟು ಮೆಲ್ಲಗೆ ಯಾಕೆ ನಡೆಯುತ್ತಿದ್ದೀಯ ಎಂದು ಒಂದು ಕಡೆ ನೇತ್ರಾ ಕೇಳಿದಳು. ಹಿಂದೆ ಬರುವವರ ದಾರಿ ಕಾಯುವಂತೆ ನೀನು ಮೂರು ಸಲ ನಿಂತೆ ಎಂದಳು. ಅವನಿಗೆ ಅದು ಗೊತ್ತಾಗಿರಲಿಲ್ಲ.

ಅಂಗಡಿಯಾಕೆ ಅವರ ಮುಂದೆ ಚಹಾ ಇಟ್ಟು ಮೂರನೆಯವರಿಗೂ ತರಲೇ ಎಂದು ಕೇಳಿದಳು. ಮೂರನೆಯವರು ಯಾರೂ ಇಲ್ಲ ಎಂದಳು ನೇತ್ರಾ. ಆಕೆ ಒಳಹೋಗುವ ಗೇಟಿನ ಕಡೆ ಕೈ ತೋರಿಸಿದಳು. ಸಂಗಮೇಶ ಎದ್ದು ಹೋಗಿ ಬಗ್ಗಿ ನೋಡಿದ. ಮೂರು. ಗೇಟಿನ ಸ್ಪ್ರಿಂಗು ಹಳೆಯದು, ಗಾಳಿ ಜೋರಿದ್ದ ದಿನ ಒಂದೆರಡು ಹೆಚ್ಚಿಗೆ ತೋರಿಸುತ್ತದೆ ಎಂದು ಆಕೆ ವಿವರಿಸಿದಳು. ಅದು ನಿಜವಿರಬಹುದು. ಆ ಹೊತ್ತಿನಲ್ಲಿ ಮೇಜಿನ ಮೇಲಿನ ಎರಡೂ ಕಪ್ಪುಗಳಿಂದ ಹಬೆ ನೆಟ್ಟಗೆ ಮೇಲಕ್ಕೇಳುತ್ತಿತ್ತು.

ಸೋಮವಾರ ಸಾರ್ವಜನಿಕ ರಜೆ. ಮಂಗಳವಾರ ಬೆಳಿಗ್ಗೆ ಆರೂ ಐವತ್ತಕ್ಕೆ ಸಡ್ಬರಿ ಹಿಲ್ ಸಿಗ್ನಲ್ಲಿನಲ್ಲಿ ಸಂಗಮೇಶನ ಎಡಗೈ ಗೇರಿನ ಮೇಲೇ ಇತ್ತು. ದೀಪ ಹಸಿರಾಯಿತು. ಅವನು ತಾನಾಗಿಯೇ ಕೈಯನ್ನು ಎತ್ತಿ, ತೊಡೆಯ ಮೇಲೆ ಅಂಗಾತವಿಟ್ಟು ಆ ಭಾರಕ್ಕಾಗಿ ಕಾದ. ಹಿಂದಿನ ಕಾರು ಎರಡು ಸಲ ಹಾರ್ನ್ ಹೊಡೆಯಿತು.