ಗೇಟಿನ ಆಚೆ ಯಾರು?

ಹೊಸೂರಿನ ಆಲಸನತ್ತಂ ಕಡೆ ಹೊಸದಾಗಿ ಎದ್ದ ಬಡಾವಣೆಯಲ್ಲಿ ಒಂದು ಬೀದಿ ಇದೆ. ಎರಡೂ ಕಡೆ ಒಳ್ಳೊಳ್ಳೆಯ ಮನೆಗಳು. ಆದರೆ ಬೀದಿಯಲ್ಲಿ ನಿಂತರೆ ಒಂದು ಮನೆಯೂ ಕಾಣಿಸುತ್ತಿರಲಿಲ್ಲ. ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಕಿಂಡಿಯೇ ಇಲ್ಲದ ಕಬ್ಬಿಣದ ಗೇಟು, ಇಷ್ಟೇ ಕಾಣುತ್ತಿದ್ದದ್ದು. ಕತ್ತಲಾದರೆ ಸಾಕು, ಅಲ್ಲಿ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ.

ಈ ಗೋಡೆಯ ಹುಚ್ಚು ಹಚ್ಚಿದವರು ನಮ್ಮ ಶ್ಯಾಮಣ್ಣ. ರಾಯಕೋಟೆ ಹತ್ತಿರದ ಹಳ್ಳಿಯವರು. ಮಗ ಕೆಂಪರಾಜು, ಸೊಸೆ ಸೌಮ್ಯ ಇಬ್ಬರೂ ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದ ಮೇಲೆ ಹೊಲವನ್ನು ತಮ್ಮನಿಗೆ ಬಿಟ್ಟು ಇಲ್ಲಿ ಮನೆ ಕಟ್ಟಿಸಿದರು. ಊರಿನ ಮನೆಗೆ ಕಾಂಪೌಂಡು ಇರಲಿಲ್ಲ. ಜಗಲಿ ಇತ್ತು, ಜಗಲಿ ತುಂಬ ಜನ ಇರುತ್ತಿದ್ದರು. ಇಲ್ಲಿ ಯಾರು ಯಾರೋ, ಎಲ್ಲಿಯವರೋ! ಅವರಿಗೆ ಜೀವ ಪುಕಪುಕ ಅನ್ನುತ್ತಿತ್ತು. "ಒಂದು ಬೆರಳು ಕೂಡ ತೂರ್ಬಾರ್ದು ಕಣ್ಲಾ" ಎಂದು ವೆಲ್ಡಿಂಗ್‌ನವನಿಗೆ ಹೇಳಿ ಗೇಟು ಮಾಡಿಸಿದರು. ಅದನ್ನು ನೋಡಿ ಎದುರುಮನೆ ವೆಂಕಟರಮಣಪ್ಪ ತಮ್ಮ ಗೋಡೆಯನ್ನು ಇನ್ನೊಂದಡಿ ಎಬ್ಬಿಸಿದರು. ಆಮೇಲೆ ಕೇಳಬೇಕೆ, ಬೀದಿಗೆ ಬೀದಿಯೇ ಮೇಲೆದ್ದಿತು.

ಬೀದಿಯ ತುದಿಯಲ್ಲಿದ್ದ ಸುಧಾ ಒಬ್ಬಳೇ ಸೊಂಟದೆತ್ತರದ ಗೋಡೆ ಕಟ್ಟಿಸಿ, ಒಳಗೆ ಬೀದಿ ಕಾಣುವ ಹಾಗೆ ಜಗಲಿ ಹಾಕಿಸಿದ್ದಳು. ಅವಳು ಹೆಂಗಸರ ಸ್ವಸಹಾಯ ಗುಂಪಿನ ಮುಂದಾಳು. "ಏನಮ್ಮಾ, ನಿನ್ನ ಗೋಡೆ ಬೆಳೆಯೋದ್ನೇ ಮರ್ತುಬುಡ್ತಾ?" ಎಂದು ಶ್ಯಾಮಣ್ಣ ಚೇಷ್ಟೆ ಮಾಡುತ್ತಿದ್ದರು.

ಶ್ಯಾಮಣ್ಣನ ಹೆಂಡತಿ ಪಾರ್ವತಮ್ಮನವರಿಗೆ ಮಾತ್ರ ಈ ಮನೆ ಒಗ್ಗಲೇ ಇಲ್ಲ. ಸಂಜೆ ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಿ ತಲೆಬಾಗಿಲು ತೆಗೆದಿಡುವುದು ಅವರ ರೂಢಿ. ಅದು ಲಕ್ಷ್ಮಿ ಬರುವ ಹೊತ್ತು. ಇಲ್ಲೂ ತಲೆಬಾಗಿಲು ತೆಗೆಯುತ್ತಿದ್ದರು. ಆದರೆ ಅಷ್ಟರಲ್ಲಿ ಗಂಡ ಗೇಟಿಗೆ ಬೀಗ ಜಡಿದಿರುತ್ತಿದ್ದರು. ಸೌಮ್ಯ ಕೆಲಸ ಮುಗಿಸಿ ಬಂದರೆ ಹೊರಗೆ ನಿಂತು ಫೋನ್ ಮಾಡಬೇಕು. ಆಮೇಲೆ ಬೀಗ ತೆಗೆಯುವುದು.

"ಲಕ್ಷ್ಮಿ ಏನು ಗೋಡೆ ಹಾರಿ ಬತ್ತಾಳಾ?" ಎಂದು ಪಾರ್ವತಮ್ಮ ಗೊಣಗುತ್ತಿದ್ದರು.

"ನೀನು ಸುಮ್ಕಿರೇ. ಕಾಲ ಕೆಟ್ಟೋಗೈತೆ" ಎನ್ನುತ್ತಿದ್ದರು ಶ್ಯಾಮಣ್ಣ.

ಆ ವಾರ ಎಲ್ಲರ ಫೋನಿಗೂ ಒಂದು ಆಡಿಯೋ ಬಂದಿತ್ತು. ಕಳ್ಳರು ಹೆಂಗಸರ ಕೈಲಿ ಬಾಗಿಲು ಬಡಿಸುತ್ತಾರಂತೆ, ಅಳಿಸುತ್ತಾರಂತೆ, ತೆಗೆದರೆ ನುಗ್ಗುತ್ತಾರಂತೆ. ಯಾರು ಹೇಳಿದ್ದು, ಎಲ್ಲಿ ನಡೆದದ್ದು, ದೇವರಿಗೇ ಗೊತ್ತು. ಬೀದಿಯವರೆಲ್ಲ ಅದನ್ನು ಕೇಳಿ ನಡುಗಿದರು, ಇನ್ನೊಬ್ಬರಿಗೂ ಕಳಿಸಿದರು.

ಚಳಿಗಾಲ. ಬೇಗ ಕತ್ತಲಾಗಿತ್ತು. ಅವತ್ತು ಕರೆಂಟು ಬೇರೆ ಹೋಗಿತ್ತು. ಪಾರ್ವತಮ್ಮ ಆಗತಾನೆ ದೀಪ ಹಚ್ಚಿ ಕೈ ಮುಗಿದಿದ್ದರು. ಇದ್ದಕ್ಕಿದ್ದ ಹಾಗೆ ಗೇಟು ದಡದಡ ಬಡಿದ ಸದ್ದು!

ಪಾರ್ವತಮ್ಮ ಗಂಡನ ಕಡೆ ತಿರುಗಿದರು. "ಸೌಮ್ಯ ಬಂದ್ಲೇನೋ, ನೋಡ್ರೀ."

"ಅವಳಾಗಿದ್ರೆ ಫೋನ್ ಮಾಡ್ತಿರ್ಲಿಲ್ವಾ?" ಶ್ಯಾಮಣ್ಣ ಪಿಸುಗುಟ್ಟಿದರು.

ಮತ್ತೆ ಬಡಿತ. "ತೆಗೀರಿ... ತೆಗೀರಿ..." ಒಣಗಿದ, ಸೀಳಿದ ದನಿ. ಹೆಂಗಸಿನದು ಎಂದು ಗೊತ್ತಾಯಿತೇ ಹೊರತು ಯಾರದೆಂದು ತಿಳಿಯಲಿಲ್ಲ. ಪಾರ್ವತಮ್ಮ ಬೀಗದ ಕೈಗೆ ಕೈ ಹಾಕಿದರು. ಶ್ಯಾಮಣ್ಣ ಅವರ ರಟ್ಟೆ ಹಿಡಿದು ನಿಲ್ಲಿಸಿದರು. "ಆಡಿಯೋ ಕೇಳ್ಲಿಲ್ವೇನೇ? ಹಿಂಗೇ ಬಡಿಸ್ತಾರಂತೆ!"

ಇಣುಕಿ ನೋಡೋಣವೆಂದರೆ ಗೇಟಿಗೆ ಕಿಂಡಿಯಿಲ್ಲ. ಬೀದಿ ಕಡೆಗೆ ಕಿಟಕಿಯಿಲ್ಲ. ಗಂಡ ಹೆಂಡತಿ ತಮ್ಮ ಮನೆಯೊಳಗೆ ತಾವೇ ಕುರುಡರಾಗಿ ನಿಂತರು. ಆ ದನಿ ಎದುರುಮನೆ ಗೇಟಿಗೆ ಹೋಯಿತು. ಅಲ್ಲಿಯೂ ದಡದಡ. ಯಾರೂ ತೆಗೆಯಲಿಲ್ಲ. ಯಾರೋ ಓಡಿದ ಸದ್ದು, ದೂರದಲ್ಲಿ ಯಾರದೋ ಕೂಗು, ಬೈಕಿನ ಗುರುಗುರು. ಆಮೇಲೆ ಏನೂ ಇಲ್ಲ. ಆ ಬಡಿತಕ್ಕಿಂತ ಈ ಮೌನಕ್ಕೇ ಪಾರ್ವತಮ್ಮ ಹೆಚ್ಚು ಹೆದರಿದರು.

ಅಷ್ಟರಲ್ಲಿ ಫೋನ್ ಬಂತು. ಎರಡನೇ ಶಿಫ್ಟಿನಲ್ಲಿದ್ದ ಕೆಂಪರಾಜು. "ಅಮ್ಮಾ, ಸೌಮ್ಯ ಬಂದ್ಲಾ? ಬಸ್ಸಿಳಿದೆ ಅಂದ್ಲು. ಈಗ ಫೋನು ಸ್ವಿಚ್ ಆಫ್ ಬತ್ತೈತೆ."

ಪಾರ್ವತಮ್ಮ ಫೋನನ್ನು ಅಲ್ಲೇ ಬಿಸಾಡಿದರು. "ಅಯ್ಯೋ ಭಗವಂತಾ, ಅದು ನಮ್ಮ ಮಗೂನೇ ಕಣ್ರೀ!" ಎಂದು ಚೀರಿಕೊಂಡು ಗೇಟಿಗೆ ಓಡಿದರು. ಕತ್ತಲಲ್ಲಿ ಬೀಗದ ಕೈ ತೂತಿಗೆ ಹೋಗದು. ಕೊನೆಗೆ ಗೇಟು ತೆಗೆದರೆ, ಬೀದಿ ಖಾಲಿ. ಗೇಟಿನ ಬುಡದಲ್ಲಿ ಸೌಮ್ಯಳ ಊಟದ ಚೀಲ. ಅದರಾಚೆ ಅವಳ ಒಂದು ಚಪ್ಪಲಿ.

ಶ್ಯಾಮಣ್ಣ ಬಗ್ಗಿ ಆ ಚಪ್ಪಲಿಯನ್ನು ಎತ್ತಿಕೊಂಡರು. ಪಾರ್ವತಮ್ಮ "ಸೌಮ್ಯಾ!" ಎಂದು ಕೂಗುತ್ತ ಓಡಿದರು. ಎರಡೂ ಕಡೆಯ ಗೋಡೆಗಳು ಅವರ ಕೂಗನ್ನೇ ಅವರಿಗೆ ತಿರುಗಿ ಎಸೆದವು. ಒಂದು ಗೇಟೂ ತೆರೆಯಲಿಲ್ಲ.

"ಅಕ್ಕಾ, ಇಲ್ಲವ್ಳೆ! ಇಲ್ಲಿ ಬನ್ನಿ!"

ಬೀದಿ ತುದಿಯಿಂದ ಸುಧಾಳ ದನಿ. ಅವಳ ಜಗಲಿಯ ಮೇಲೆ ಸೌಮ್ಯ ಮುದುಡಿ ಕುಳಿತಿದ್ದಳು. ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಪಾರ್ವತಮ್ಮ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು.

ನಡೆದದ್ದು ಇಷ್ಟು. ಬಸ್ಸಿಳಿದ ಜಾಗದಿಂದ ಒಬ್ಬ ಬೈಕಿನ ಲೈಟು ಆರಿಸಿಕೊಂಡು ಸೌಮ್ಯಳ ಹಿಂದೆ ಬಿದ್ದಿದ್ದ. ಖಾಲಿ ಸೈಟಿನ ಜಾಲಿಪೊದೆ ಹತ್ತಿರ ಅಡ್ಡಗಟ್ಟಿದ. ಓಡುವಾಗ ಬಿದ್ದಳು, ಫೋನು ಚರಂಡಿ ಸೇರಿತು. ಸುಧಾ ಜಗಲಿಯಲ್ಲಿ ಬ್ಯಾಟರಿ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಓಡಿ ಬರುತ್ತಿದ್ದವಳನ್ನು ನೋಡಿದಳು, ಬೆಳಕು ಬಿಟ್ಟಳು, "ಯಾವನ್ಲಾ ಅದು?" ಎಂದು ಬೀದಿ ಅದುರುವಂತೆ ಕೂಗಿದಳು. ಅವನು ಬೈಕು ತಿರುಗಿಸಿ ಪರಾರಿಯಾದ.

ಚಪ್ಪಲಿ ಹಿಡಿದು ಹಿಂದೆಯೇ ಬಂದ ಶ್ಯಾಮಣ್ಣನನ್ನು ಸೌಮ್ಯ ತಲೆಯೆತ್ತಿ ನೋಡಿದಳು.

"ಮಾವ, ಮೊದ್ಲು ನಮ್ಮ ಮನೆ ಗೇಟೇ ಬಡಿದೆ. ನೀವು ಒಳಗೇ ಇದ್ರಲ್ವಾ?"

"ಕಳ್ರು ಅಂತ ಹೆದ್ರಿಕೊಂಡ್ಬುಟ್ಟೆ ಕಣಮ್ಮ" ಎಂದರು ಶ್ಯಾಮಣ್ಣ. ಆ ಮಾತು ಅವರಿಗೇ ನಾಚಿಕೆ ತಂದಿತು.

"ಅಣ್ಣ, ಕಳ್ಳ ಗೋಡೆಗೆ ಹೆದ್ರಲ್ಲ. ಯಾರಾದ್ರೂ ನೋಡ್ಬುಟ್ಟಾರು ಅಂತ ಹೆದರ್ತಾನೆ" ಎಂದಳು ಸುಧಾ. "ಈ ಗೋಡೆ ಹಾರಿ ಒಳಗೆ ಬಂದ್ರೆ ಅವನಿಗೇ ಮರೆ. ಹೊರಗೆ ನಿಂತ್ರೂ ಅವನಿಗೇ ಮರೆ."

"ಹಂಗಂತ ಗೋಡೆ ಕೆಡವಿದ್ರೆ ನೇರಾಗೇ ನುಗ್ಗಲ್ವಾ?" ಎಂದರು ಶ್ಯಾಮಣ್ಣ.

"ಪೂರ್ತಿ ಯಾಕೆ ಕೆಡವ್ತೀರಿ? ಸೊಂಟದವರೆಗೆ ಇಳ್ಸಿ, ಮೇಲೆ ಕಂಬಿ ಹಾಕ್ಸಿ, ಗೇಟಿಗೂ ಕಂಬಿನೇ ಇರ್ಲಿ. ಕಂಬಿ ಕಳ್ಳನ್ನ ತಡೀತೈತೆ, ಕಣ್ಣನ್ನ ತಡಿಯಲ್ಲ. ಬೀದಿ ಕಡೆ ಒಂದು ಕಿಟಕಿ ಇಡಿ. ಗೇಟಿನ ದೀಪ ಬೀದಿಗೆ ಬೀಳೋ ಹಂಗಿರ್ಲಿ. ಅನುಮಾನ ಬಂದ್ರೆ ಒಳಗಿಂದ್ಲೇ ನೋಡ್ಬೋದು, ಪಕ್ಕದೋರನ್ನ ಕೂಗ್ಬೋದು, ೧೧೨ಕ್ಕೆ ಫೋನ್ ಮಾಡ್ಬೋದು. ಆ ಸೈಟಿನ ಪೊದೆಗೆ, ಬೀದಿ ದೀಪಕ್ಕೆ, ಎಲ್ರೂ ಸೇರಿ ಕಾರ್ಪೊರೇಷನ್‌ಗೆ ಹೋಗಿ ಕೇಳೋಣ. ಒಬ್ರು ಕೇಳಿದ್ರೆ ಯಾರು ಕಿವಿಗೆ ಹಾಕ್ಕೊಂಡಾರು?"

ಶ್ಯಾಮಣ್ಣ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದರು. ಪಾರ್ವತಮ್ಮ ಕಣ್ಣೊರೆಸಿಕೊಂಡು ಎದ್ದರು. "ಬೀಗ ಹಾಕಿದ ಗೇಟಿನ ಹಿಂದೆ ನಾನಿನ್ನು ದೀಪ ಹಚ್ಚಾಕಿಲ್ಲ. ಲಕ್ಷ್ಮಿ ಬಂದು ಬಾಗ್ಲು ಬಡಿದ್ರೆ ರಟ್ಟೆ ಹಿಡಿದು ನಿಲ್ಲಿಸಿದ್ರಲ್ರೀ!"

ಬೆಳಗಾಗುತ್ತಲೇ ಶ್ಯಾಮಣ್ಣ ಪೊಲೀಸಿಗೆ ದೂರು ಕೊಟ್ಟು, ಗಾರೆ ಕೆಲಸದ ಅಂಜನಪ್ಪನನ್ನು ಕರೆತಂದರು. ಮೊದಲ ಸುತ್ತಿಗೆ ಪೆಟ್ಟಿಗೆ ವೆಂಕಟರಮಣಪ್ಪ ಗೇಟು ತೆಗೆದು ಬಂದರು. "ಅಲ್ಲಯ್ಯಾ, ತಲೆ ನೆಟ್ಟಗೈತಾ?"

"ನಿನ್ನೆ ನಿನ್ನ ಗೇಟೂ ಬಡಿದ್ಲು ಕಣಪ್ಪಾ ನಮ್ಮ ಸೊಸೆ" ಎಂದರು ಶ್ಯಾಮಣ್ಣ. ವೆಂಕಟರಮಣಪ್ಪನ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಸಂಜೆ ಅವರೂ ಅಂಜನಪ್ಪನನ್ನು ಮಾತಾಡಿಸಿದರು.

ಈಗ ಗೋಡೆ ಸೊಂಟದೆತ್ತರಕ್ಕೆ ಇಳಿದಿದೆ, ಮೇಲೆ ಕಂಬಿ ಬಂದಿದೆ. ಪಾರ್ವತಮ್ಮ ದೀಪ ಹಚ್ಚಿ ಹೊಸದಾಗಿ ಹಾಕಿಸಿದ ಜಗಲಿಗೆ ಬಂದು ಕೂರುತ್ತಾರೆ. ಸೌಮ್ಯ ಕೆಲಸ ಬಿಟ್ಟಿಲ್ಲ. ಆದರೂ ಆ ಸೈಟು ದಾಟುವಾಗ ಅವಳ ಕಾಲು ತಾನಾಗಿ ಬಿರಬಿರನೆ ಹೋಗುತ್ತದೆ. ಅತ್ತೆ ಕೈಯೆತ್ತಿದ್ದು ಕಂಡ ಮೇಲೆಯೇ ಅವಳು ಉಸಿರು ಬಿಡುವುದು.

ಮನೆ ಕಟ್ಟುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಒಳಗೆ ಅಂದ ಚೆಂದ ಎಷ್ಟಾದರೂ ಮಾಡಿಸಿಕೊಳ್ಳಿ. ಬೀದಿ ಕಡೆಗೆ ಒಂದು ಕಣ್ಣು ಇಡುವುದನ್ನು ಮರೆಯಬೇಡಿ. ಇವತ್ತು ಸಂಜೆ ನಿಮ್ಮ ಮನೆ ಗೇಟಿನ ಒಳಗೆ ನಿಂತು ಒಮ್ಮೆ ನೋಡಿ. ಹೊರಗೆ ನಿಂತಿರುವುದು ನಿಮ್ಮದೇ ಮಗಳಾದರೆ, ನಿಮಗೆ ಕಾಣಿಸುತ್ತಾಳೆಯೇ?