ಒಡ್ಡಿದ ಹಣೆ

ಒಂದು ಹನಿ, ಮತ್ತೊಂದು, ಬಾಟಲಿಯಿಂದ ನಳಿಕೆಗೆ, ನಳಿಕೆಯಿಂದ ನನ್ನೊಳಕ್ಕೆ, ಐದು ಗಂಟೆ ಹೀಗೇ ಕೂತಿರಬೇಕು, ಈ ಔಷಧ ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದಂತೆ, ಯಾರ್ಯಾರದೋ ಮೈಯ ಕಾವಲುಗಾರರು ಬಂದು ನನ್ನ ಮೈಯ ಕಾವಲುಗಾರರಿಗೆ ಬುದ್ಧಿ ಹೇಳಬೇಕು — ಸೂಜಿ ಚುಚ್ಚುವಾಗ ನರ್ಸ್ ನೋವಾಯ್ತಾ ಅಕ್ಕ ಅಂದಳು, ಇಲ್ಲಮ್ಮ, ನೋವಾಗಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ. ಇಪ್ಪತ್ತು ವರ್ಷ ಸೂಜಿ ಹಿಡಿದವಳು ನಾನು, ಕಣ್ಣು ಮುಚ್ಚಿ ಬಟ್ಟೆ ಸವರಿ ಇದು ರೇಷ್ಮೆ, ಇದು ಬೆರಕೆ ಎನ್ನುತ್ತಿದ್ದ ದರ್ಜಿ, ಮೊದಲು ಪಾದ ಮರಗಟ್ಟಿತು, ಆಮೇಲೆ ಬೆರಳ ತುದಿ, ಕೂತು ಕೂತು ಬಂದ ಜೋಮು ಎಂದುಕೊಂಡೆ, ಬಿಳಿ ಅಂಗಿಯ ಮೇಲೆ ರಕ್ತದ ಚುಕ್ಕೆ ಕಂಡಾಗಲೂ ಯಾರದಿದು ಎಂದು ಹುಡುಕಿದೆ, ನನ್ನದೇ ಬೆರಳಿನದು. ಡಾಕ್ಟರು ಕಾಗದದ ಮೇಲೆ ವೈರು ಬರೆದು ತೋರಿಸಿದರು, ಇದು ನರ, ಇದು ಮೇಲಿನ ಹೊದಿಕೆ, ರೋಗಾಣು ಓಡಿಸೋಕೆ ಅಂತ ಇರೋ ಪಡೆ ಈ ಹೊದಿಕೇನೇ ಶತ್ರು ಅಂದ್ಕೊಂಡು ಕೀಳ್ತಾ ಇದೆ, ನಿಮ್ಮ ತಪ್ಪಲ್ಲಮ್ಮ. ಇಷ್ಟು ವರ್ಷ ನನ್ನ ಅನ್ನ ತಿಂದವಕ್ಕೆ ನನ್ನ ಗುರುತೇ ಸಿಗಲಿಲ್ಲ.

ನಿಮ್ಮ ತಪ್ಪಲ್ಲ — ಆ ಬೆಳಗಿನದೂ ಅಲ್ಲವೇ, ರೋಗದ ಹೆಸರು ಇನ್ನೂ ಗೊತ್ತಿರದ ಆ ಬೆಳಗು, ಗುಬ್ಬಿ, ನನ್ನ ಏಳು ವರ್ಷದ ಮಗಳು, ಅಮ್ಮಾ ಮೈ ಬಿಸಿ ಇದೆ ನೋಡು ಎಂದು ಕೂದಲು ಪಕ್ಕಕ್ಕೆ ಸರಿಸಿಕೊಂಡು ಹಣೆ ಒಡ್ಡುತ್ತಾಳೆ, ಕೈಯಿಡುತ್ತೇನೆ, ಏನೂ ಇಲ್ಲ, ನಾಟಕ ಬೇಡ, ಶೂ ಹಾಕ್ಕೋ, ಅವಳು ವಾದಿಸುವುದಿಲ್ಲ, ಅಮ್ಮನ ಕೈ ಹೇಳಿದ ಮೇಲೆ ಮುಗಿಯಿತು. ಮಧ್ಯಾಹ್ನ ಶಾಲೆಯಿಂದ ಫೋನು, ಬೆಂಚಿನಿಂದ ಬಿದ್ದಿದ್ದಾಳೆ, ನನಗಿಂತ ಮೊದಲೇ ಓಡಿ ಬಂದಿದ್ದ ನಾದಿನಿ, ಹಣೆ ಕೆಂಡ ಆಗಿದೆಯಲ್ಲ, ನಿಮಗೆ ಗೊತ್ತಾಗಲಿಲ್ವಾ ಅತ್ತಿಗೆ. ಜ್ವರ ಅಂದರೆ ಮೈ ಕಾದಾಡ್ತಿದೆ ಅಂತಲೇ ಅರ್ಥ, ಇದೂ ಡಾಕ್ಟರೇ ಹೇಳಿದ್ದು, ಅವಳ ಕಾವಲುಗಾರರು ಬೆಂಕಿ ಹಚ್ಚಿಕೊಂಡು ನನ್ನನ್ನು ಕೂಗುತ್ತಿದ್ದರು, ನನ್ನವರು ಆ ಕೂಗು ನನಗೆ ಮುಟ್ಟದಂತೆ ತಂತಿ ಕಿತ್ತಿದ್ದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ, ಆಸ್ಪತ್ರೆಯಲ್ಲಿ ಒಂಬತ್ತು ದಿನ, ಉಳಿದಳು, ಉಳಿದಳಲ್ಲ, ಅಷ್ಟು ಸಾಕು ಎಂದು ನೂರು ಸಲ ಹೇಳಿಕೊಂಡಿದ್ದೇನೆ, ಸಾಕಾಗುವುದಿಲ್ಲ. ಇವತ್ತು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತ ಕೂತಿದ್ದಾಗ ಅವಳು ಸೀನಿದಳು, ನನ್ನ ಕೈ ತಾನಾಗಿ ಮೇಲೆದ್ದಿತು, ಗುಬ್ಬಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಮಡಿಲಿಗೇ ವಾಪಸು ಇಟ್ಟಳು, ಇರಲಿ ಬಿಡಮ್ಮ, ಅತ್ತೆ ಹತ್ರ ಕೇಳ್ತೀನಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ — ಒಂದು ಹನಿ, ಮತ್ತೊಂದು, ಬೆರಳಿಗೆ ಸ್ಪರ್ಶ ಬಂದರೂ ಬರಬಹುದು, ರೇಷ್ಮೆ ತಿಳಿದರೂ ತಿಳಿಯಬಹುದು, ಆದರೆ ಆ ಹಣೆ, ಕೂದಲು ಪಕ್ಕಕ್ಕೆ ಸರಿಸಿಕೊಂಡು, ನಂಬಿ, ಒಡ್ಡಿದ ಹಣೆ