ಶಿಬಿರದ ವಿಳಾಸ

ಬೇಸಿಗೆ ಶಿಬಿರವೊಂದರ ಬಗ್ಗೆ ಅವಳು ಮಾಡಿದ್ದ ರೇಡಿಯೊ ಡಾಕ್ಯುಮೆಂಟರಿ ಹಿಂದಿನ ದಿನ ಪ್ರಸಾರವಾಗಿತ್ತು. ಹಾಸಿಗೆ ಒದ್ದೆ ಮಾಡಿಕೊಂಡ ಮಕ್ಕಳಿಗೆ ಅದೇ ಬೆಡ್‌ಶೀಟನ್ನು ತಲೆಗೆ ಹೊದಿಸಿ, ಊಟದ ಕೋಣೆಯಲ್ಲಿ ಎಲ್ಲರೆದುರು ನಿಲ್ಲಿಸುತ್ತಿದ್ದರಂತೆ. ಅಲ್ಲಿ ಹಾಗೆ ನಿಂತಿದ್ದ, ಈಗ ನಲವತ್ತು ದಾಟಿದ ಹೆಂಗಸೊಬ್ಬಳು ಕಾರ್ಯಕ್ರಮದಲ್ಲಿ ಅದನ್ನು ಹೇಳುತ್ತಾ ಬಿಕ್ಕಿದ್ದಳು.

ಬೆಳಿಗ್ಗೆಯಿಂದ ಕೇಳುಗರ ಫೋನುಗಳನ್ನು ಅವಳೇ ಎತ್ತುತ್ತಿದ್ದಳು. ಒಬ್ಬರು ಬಿದ್ದು ಬಿದ್ದು ನಕ್ಕರು. ಇನ್ನೊಬ್ಬರು, "ಅಷ್ಟಕ್ಕೆಲ್ಲ ಅಳೋದಾ? ನಮ್ಮನ್ನೂ ಹಂಗೇ ಬೆಳೆಸಿದ್ದು" ಅಂದರು.

ಮಧ್ಯಾಹ್ನ ಒಬ್ಬ ಅಪ್ಪ ಫೋನ್ ಮಾಡಿದ. "ಮೇಡಂ, ಆ ಶಿಬಿರದ ವಿಳಾಸ ಸ್ವಲ್ಪ ಕೊಡ್ತೀರಾ? ನಮ್ಮ ಮಗಳಿಗೂ ಅದೇ ಚಾಳಿ. ಎಷ್ಟು ಬಡಿದ್ರೂ ಬಿಡ್ತಿಲ್ಲ."

"ವಯಸ್ಸೆಷ್ಟು?"

"ಆರು."

"ಅದು ಮುಚ್ಚಿ ಇಪ್ಪತ್ತು ವರ್ಷ ಆಯ್ತು."

"ಅಯ್ಯೋ, ಛೇ! ಇಂಥ ಒಳ್ಳೆ ಜಾಗಗಳೇ ಉಳಿಯಲ್ಲ ನೋಡಿ."

"ಮಗೂನ ಹೊಡೀಬೇಡಿ, ಡಾಕ್ಟರಿಗೆ ತೋರಿಸಿ" ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಫೋನ್ ಇಟ್ಟಾಗಿತ್ತು.

ರಿಸೀವರ್ ಹಿಡಿದಿದ್ದ ತನ್ನ ಕೈಯೇ ಅವಳಿಗೆ ಅಸಹ್ಯವಾಯಿತು. ಎದ್ದು ಹೋಗಿ ಸೋಪು ಹಾಕಿ ಎರಡು ಸಲ ತೊಳೆದುಕೊಂಡಳು. ಹೊರಗೆ ಬಂದರೆ ರೇಡಿಯೊ ನಿಲಯದ ಮುಖ್ಯಸ್ಥರು ಎದುರಾದರು.

"ಏನಮ್ಮಾ, ಫೋನಿಗೆ ಬಿಡುವೇ ಇಲ್ವಂತೆ! ಜನಕ್ಕೆ ಹಿಡಿಸ್ತಾ?"

"ತುಂಬಾ ಹಿಡಿಸಿದೆ ಸರ್," ಅಂದಳು. "ನಮ್ಮ ಕಾರ್ಯಕ್ರಮ ಅಲ್ಲ, ಆ ಶಿಬಿರ."